ಹಿಟ್ಟಿನ ಮಿಷನ್‌ಗೆ ಹೋದ ಗೆರೆಗಳು

ವಂದನಾರ್ಪಣೆ ಮಾಡಿಯೂ ಒಂದು ಊರಿಗೆ ಬೆಂಕಿ ಹಚ್ಚಬಹುದು ಎಂಬುದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಕು ಎಲ್ಲ ಇದ್ದ ಸಭೆ ಅದು. ಕೊನೆಯ ಧನ್ಯವಾದ ಹೇಳಿ ಮುಗಿಸಿದ ಸ್ವಲ್ಪ ಹೊತ್ತಿಗೆ ಅದೇ ಶಾಮಿಯಾನದ ಗೂಟ ಕಿತ್ತು, ಧನ್ಯವಾದ ಹೇಳಿದವನ ದವಡೆಗೇ ಬಾರಿಸಿದರು. ಒಬ್ಬ ಹೆಂಗಸಿನ ಮುಂಗೈ ಮುರಿಯಿತು. ನನ್ನ ತಲೆಯಿಂದ ಇಳಿದ ರಕ್ತಕ್ಕೆ ಸೀರೆಯ ಸೆರಗು ಹೆಗಲಿಗೆ ಅಂಟಿಕೊಂಡಿತ್ತು. ಇಷ್ಟಕ್ಕೂ ನಾವು ಅಲ್ಲಿಗೆ ಹೋದದ್ದು ಥ್ಯಾಂಕ್ಸ್ ಹೇಳುವುದಕ್ಕೆ.

ನನ್ನ ಕೆಲಸ ಸಮೀಕ್ಷೆಯದು. ತರೀಕೆರೆಯಲ್ಲಿ ಮನೆ, ಬೆಂಗಳೂರಿನ ಸಂಶೋಧಕರಿಗೆ ಕೆಲಸ. ಕೆಲವು ವರ್ಷಗಳ ಹಿಂದೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳ್ಳಿಗಳಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಸಿದೆವು. ಅದರ ಹೆಸರು ಸೋಶಿಯಲ್ ನೆಟ್‌ವರ್ಕ್ ಸಮೀಕ್ಷೆ. ಹೆಸರು ಕೇಳಿದವರೆಲ್ಲ ಮೊಬೈಲಿನದು ಅಂದುಕೊಂಡರು. ಅಲ್ಲ, ಊರೊಳಗೆ ಯಾರಿಗೆ ಯಾರು ಆಗುತ್ತಾರೆ ಎನ್ನುವುದು. ಸಕ್ಕರೆ ಮುಗಿದರೆ ಯಾರ ಮನೆಗೆ ಹೋಗುತ್ತೀರಿ? ಆಸ್ಪತ್ರೆಗೆ ಹೋಗುವಾಗ ಮಕ್ಕಳನ್ನು ಯಾರ ಮನೆಯಲ್ಲಿ ಬಿಡುತ್ತೀರಿ? ಹಬ್ಬದ ಊಟಕ್ಕೆ ಯಾರನ್ನು ಕರೆಯುತ್ತೀರಿ? ಹೀಗೆ ಮನೆಯ ಗಂಡಸನ್ನೂ ಹೆಂಗಸನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳುತ್ತಿದ್ದೆವು. ಎಲ್ಲಕ್ಕಿಂತ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: ಮನಸ್ಸಿಗೆ ನೋವಾದಾಗ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ?

ಏನು ಹೇಳಿಕೊಂಡಿರಿ ಎಂದು ನಾವು ಕೇಳುತ್ತಿರಲಿಲ್ಲ. ಅದು ನಮಗೆ ಬೇಕಾಗಿರಲಿಲ್ಲ. ಯಾರ ಹತ್ತಿರ ಎಂಬುದಷ್ಟೇ ಸಾಕು. ಆಮೇಲೆ ಹೆಸರುಗಳನ್ನೆಲ್ಲ ಕಿತ್ತುಹಾಕಿ ಮನೆಗೊಂದು, ಆಳಿಗೊಂದು ಸಂಖ್ಯೆ ಕೊಟ್ಟೆವು. ಊರಿಗೂ ಹೆಸರಿಲ್ಲ, ಸಂಖ್ಯೆಯೇ. ಒಂದೊಂದು ಊರಿಗೂ ಒಂದು ಚೌಕದ ಕೋಷ್ಟಕ. ಇವರು ಅವರ ಹತ್ತಿರ ಹೋಗುತ್ತಾರೆ ಅಂದರೆ ಒಂದು, ಇಲ್ಲದಿದ್ದರೆ ಸೊನ್ನೆ. ಒಂದು ಮತ್ತು ಸೊನ್ನೆಗಳ ಆ ಕಡತವನ್ನು ಪ್ರಪಂಚದ ಯಾವ ಸಂಶೋಧಕ ಬೇಕಾದರೂ ಇಳಿಸಿಕೊಳ್ಳಲಿ ಎಂದು ಅಂತರ್ಜಾಲದಲ್ಲಿ ಇಟ್ಟರು. ಜೊತೆಗೆ ಒಂದು ಪುಟದ ನಿಯಮ. ಬಳಸಿದವರು ಯಾರು ಸಂಗ್ರಹಿಸಿದ್ದು, ಯಾವ ವರ್ಷ, ಯಾವ ಆವೃತ್ತಿ, ಎಲ್ಲಿಂದ ಇಳಿಸಿಕೊಂಡದ್ದು ಎಂದು ಉಲ್ಲೇಖ ಕೊಡಬೇಕು. ಕೃತಜ್ಞತೆಯ ಜಾಗದಲ್ಲಿ ತಂಡಕ್ಕೆ ಇಂಥದೇ ವಾಕ್ಯದಲ್ಲಿ ವಂದಿಸಬೇಕು. ಊರನ್ನಾಗಲಿ ಮನೆಯನ್ನಾಗಲಿ ಗುರುತಿಸಲು ಹೋಗಬಾರದು, ಗೊತ್ತಿದ್ದರೂ ಬಾಯಿ ಬಿಡಬಾರದು. ಆ ಪುಟದ ಕನ್ನಡ ರೂಪ ಬರೆದವಳು ನಾನೇ. ಒಂದೊಂದು ವಾಕ್ಯವೂ ಬಾಯಿಪಾಠ.

ನಮ್ಮ ತಂಡದಲ್ಲಿ ಮನೆ ಮನೆಗೆ ಹೋಗಿ ಪ್ರಶ್ನೆ ಕೇಳಿದ ಹುಡುಗರಲ್ಲಿ ಒಬ್ಬ ಆಮೇಲೆ ಕಡೂರಿನ ಕಡೆ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕನಾದ. ಅವನಿಗೆ ಒಂದು ಕೊರಗಿತ್ತು. ದೊಡ್ಡವರು ಬರೆದ ಲೇಖನಗಳಲ್ಲೆಲ್ಲ ಧನಸಹಾಯ ಕೊಟ್ಟವರ ಹೆಸರಿತ್ತು, ಕರಡು ಓದಿದವರ ಹೆಸರಿತ್ತು. ಬಿಸಿಲಲ್ಲಿ ಸುತ್ತಿ, ನಾಯಿ ಕಚ್ಚಿಸಿಕೊಂಡು ಮಾಹಿತಿ ತಂದವರು ಮಾತ್ರ ‘ಕ್ಷೇತ್ರ ಸಿಬ್ಬಂದಿ’ ಎಂಬ ಎರಡು ಪದದಲ್ಲಿ ಮುಗಿದುಹೋಗಿದ್ದರು. ‘ಅಡುಗೆ ಮಾಡಿದೋರ್ನ ಬಿಟ್ಟು ಎಲೆ ಹಾಕಿದೋರ್ಗೆ ಥ್ಯಾಂಕ್ಸ್ ಹೇಳ್ದಂಗಾಯ್ತು ಮೇಡಂ’ ಎನ್ನುತ್ತಿದ್ದ. ಅವನ ಮಾತಲ್ಲಿ ಸುಳ್ಳಿರಲಿಲ್ಲ.

ಅವನು ಅದೇ ಕಡತವನ್ನು ಇಳಿಸಿಕೊಂಡು ತನ್ನದೇ ಒಂದು ಪ್ರಬಂಧ ಬರೆದ. ಉಲ್ಲೇಖ ಸರಿಯಿದೆಯೇ ಎಂದು ಫೋನಿನಲ್ಲಿ ಓದಿ ಹೇಳಿದ. ಆವೃತ್ತಿಯ ಸಂಖ್ಯೆ ಹಳೆಯದಿತ್ತು, ತಿದ್ದಿಸಿದೆ. ಕೃತಜ್ಞತೆಯ ವಾಕ್ಯ ನಮ್ಮ ಪುಟದಲ್ಲಿದ್ದಂತೆಯೇ ಇತ್ತು. ಪರವಾಗಿಲ್ಲವೇ ಹುಡುಗ ಅಂದುಕೊಂಡೆ. ಆಮೇಲೆ ಅವನು, ‘ಮೇಡಂ, ನಮ್ಮ ಕಾಲೇಜಿನ ಶ್ರಮದಾನ ಶಿಬಿರ ನಡೀತಿದೆ. ಸಮಾರೋಪಕ್ಕೆ ನೀವು ಬರ್ಲೇಬೇಕು’ ಎಂದ. ಊರಿನ ಹೆಸರು ಹೇಳಿದಾಗ ನನಗೆ ಒಂದು ಕ್ಷಣ ಕಸಿವಿಸಿಯಾಯಿತು. ನಾವು ಸಮೀಕ್ಷೆ ಮಾಡಿದ ಊರೇ ಅದು. ಆದರೆ ಚರಂಡಿ ತೋಡುವುದಕ್ಕೆ, ಗಿಡ ನೆಡುವುದಕ್ಕೆ ಹೋದ ಶಿಬಿರ ಅಲ್ಲವೇ? ಸರಿ ಎಂದೆ.

ಕಡೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಹೋದೆ. ಸಮುದಾಯ ಭವನದ ಮುಂದೆ ಶಾಮಿಯಾನ, ಕೆಂಪು ಪ್ಲಾಸ್ಟಿಕ್ ಕುರ್ಚಿ, ಉಪ್ಪಿಟ್ಟಿನ ವಾಸನೆ. ವೇದಿಕೆಯ ಹಿಂದೆ ಆಳೆತ್ತರದ ಫ್ಲೆಕ್ಸ್. ಅದನ್ನು ನೋಡಿದ್ದೇ ನಾನು ನಿಂತಲ್ಲೇ ನಿಂತೆ.

ಚುಕ್ಕಿಗಳು, ಚುಕ್ಕಿಯಿಂದ ಚುಕ್ಕಿಗೆ ಗೆರೆಗಳು. ಮನಸ್ಸಿನ ನೋವು ಯಾರ ಹತ್ತಿರ ಹೇಳಿಕೊಳ್ಳುತ್ತೀರಿ ಎಂಬ ಕೊನೆಯ ಪ್ರಶ್ನೆಯ ಚಿತ್ರ ಅದು. ಕಡತದಿಂದ ಕಂಪ್ಯೂಟರ್ ಬರೆಯುವ ಚಿತ್ರದಲ್ಲಿ ಚುಕ್ಕಿಗಳು ಎಲ್ಲೆಂದರಲ್ಲಿ ಬೀಳುತ್ತವೆ, ಯಾವುದು ಯಾವ ಮನೆ ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಇವನು ಸಮೀಕ್ಷೆಯ ಕಾಲದ ತನ್ನ ಹಳೇ ನೋಟುಪುಸ್ತಕದಿಂದ ಮನೆಗಳ ಸಂಖ್ಯೆ ಹುಡುಕಿ ತೆಗೆದು, ಚೆಂದ ಕಾಣಲಿ ಎಂದು ಚುಕ್ಕಿಗಳನ್ನು ಬೀದಿ ಬೀದಿಯಾಗಿ ಜೋಡಿಸಿದ್ದ. ಮೇಲೆ ಕೆರೆ ಏರಿ, ನಡುವೆ ಅರಳಿಕಟ್ಟೆ, ಕೆಳಗೆ ಶಾಲೆ. ಸಮೀಕ್ಷೆಯ ಕಾಲದಲ್ಲಿ ಓಡಾಡಿದ ಊರು, ಎಲ್ಲ ನೆನಪಿನಲ್ಲಿತ್ತು. ಊರಿನ ಯಾರು ಬೇಕಾದರೂ ಬೆರಳಿಟ್ಟು ಇದು ನಮ್ಮನೆ ಎನ್ನಬಹುದಾಗಿತ್ತು. ಮತ್ತು ಮೂರು ಬೀದಿ ಕೂಡುವಲ್ಲಿ ತಟ್ಟೆಯಷ್ಟು ದೊಡ್ಡದಾಗಿ ಒಂದು ಕೆಂಪು ಚುಕ್ಕಿ. ಊರಿನ ಗೆರೆಗಳೆಲ್ಲ ಅಲ್ಲಿಗೇ ಬಂದು ಸೇರಿದ್ದವು.

ಅದು ಹಿಟ್ಟಿನ ಮಿಷನ್. ನಡೆಸುತ್ತಿದ್ದವಳು ಗಂಡ ತೀರಿಹೋದ ಒಬ್ಬ ಹೆಂಗಸು. ಊರಿಗೆಲ್ಲ ಮಿಷನ್ ಅಕ್ಕ. ರಾಗಿ, ಜೋಳ, ಮೆಣಸಿನಕಾಯಿ ಬೀಸಿಸಲು ಎಲ್ಲ ಬೀದಿಯವರೂ ಅಲ್ಲಿಗೇ ಬರಬೇಕು. ಬಂದವರು ಹಿಟ್ಟು ಬೀಳುವವರೆಗೆ ಅಕ್ಕನ ಕಿವಿಗೆ ಬಾಯಿಟ್ಟು ಮಾತಾಡುತ್ತಿದ್ದರು, ಏಕೆಂದರೆ ಆ ಗದ್ದಲದಲ್ಲಿ ಬೇರೆ ದಾರಿಯಿಲ್ಲ. ಅಕ್ಕ ತಲೆಯಾಡಿಸುತ್ತಿದ್ದಳು. ಸಮೀಕ್ಷೆಗೆ ನಾನು ಹೋದಾಗಲೂ, ‘ಮುಖ ಕೊಟ್ಟು ಮಾತಾಡು ತಾಯಿ’ ಎಂದು ಎದುರಿಗೇ ಕೂರಿಸಿಕೊಂಡು, ನನ್ನ ಬಾಯನ್ನೇ ನೋಡುತ್ತ ಉತ್ತರ ಕೊಟ್ಟಿದ್ದಳು.

ಉಪನ್ಯಾಸಕನ ತೋಳು ಹಿಡಿದು ಪಕ್ಕಕ್ಕೆಳೆದೆ. ‘ಏನಯ್ಯಾ ಇದು? ಮೊದ್ಲು ಇಳಿಸು ಅದನ್ನ.’

‘ಹೆಸ್ರು ಎಲ್ಲೂ ಹಾಕಿಲ್ಲ ಮೇಡಂ. ಬರೀ ಚುಕ್ಕಿ. ಊರೋರ ಮಾಹಿತಿ ಊರೋರ್ಗೆ ತೋರಿಸ್ಬೇಡ್ವಾ?’

‘ಬರೀ ಚುಕ್ಕಿನಾ? ಅರಳಿಕಟ್ಟೆ ಬರ್ದಿದ್ದೀಯಲ್ಲೋ!’

ಅಷ್ಟರಲ್ಲಿ ನಿರೂಪಕಿ ನನ್ನ ಹೆಸರು ಕೂಗಿದಳು, ಪ್ರಾರ್ಥನೆ ಶುರುವಾಯಿತು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿದರು. ನಾನು ಎದ್ದು ಆ ಫ್ಲೆಕ್ಸ್ ಹರಿದುಹಾಕಬಹುದಿತ್ತು. ಸಭೆ ಅನ್ನುವುದು ದೊಡ್ಡ ಹಗ್ಗ ಕಣ್ರೀ, ಕೈಕಾಲು ಕಟ್ಟಿಹಾಕುತ್ತದೆ.

ಭಾಷಣಗಳು ಮುಗಿದವು. ವಂದನಾರ್ಪಣೆಗೆ ಉಪನ್ಯಾಸಕ ನಿಂತ. ನಮ್ಮ ಕಡೆಯ ವಂದನಾರ್ಪಣೆ ನಿಮಗೆ ಗೊತ್ತಲ್ಲ, ಅಧ್ಯಕ್ಷರಿಂದ ಹಿಡಿದು ಉಪ್ಪಿಟ್ಟು ತಿರುವಿದವರು, ಮೈಕಿನವರು, ಶಾಮಿಯಾನದವರು, ಯಾರನ್ನೂ ಬಿಡುವಂತಿಲ್ಲ. ಒಂದು ಹೆಸರು ಬಿಟ್ಟರೂ ವರ್ಷಗಟ್ಟಲೆ ಮಾತು ಬಿಡುವವರಿದ್ದಾರೆ. ಅವನು ಯಾರನ್ನೂ ಬಿಡಲಿಲ್ಲ. ಕೊನೆಗೆ ಫ್ಲೆಕ್ಸಿನ ಕಡೆ ತಿರುಗಿದ. ‘ಈ ಚಿತ್ರದ ನಡುವೆ ದೊಡ್ಡದೊಂದು ಚುಕ್ಕಿ ನೋಡುತ್ತಿದ್ದೀರಿ. ಇಡೀ ಊರಿನ ನೋವಿಗೆ ಕಿವಿಯಾದ ತಾಯಿ ಅದು. ಹೆಸರು ಹೇಳಬಾರದು ಎಂದು ನಿಯಮವಿದೆ. ಉಪ್ಪು ತಿಂದ ಮನೆಯ ಹೆಸರು ಹೇಳದೆ ಇಳಿಯಲು ನನ್ನಿಂದಾಗದು. ಮಿಷನ್ ಅಕ್ಕನವರು ವೇದಿಕೆಗೆ ಬರಬೇಕು.’

ಅಕ್ಕ ಕೂತೇ ಇದ್ದಳು. ಪಕ್ಕದವಳು ತಿವಿದ ಮೇಲೆ ಎದ್ದು ಬಂದಳು. ಶಾಲು ಹೊದಿಸಿದರು. ಹೆಂಗಸರು ಒಂದೆರಡು ಚಪ್ಪಾಳೆ ತಟ್ಟಿದರು, ಆಮೇಲೆ ಏನೋ ಹೊಳೆದವರಂತೆ ಅವರ ಕೈಗಳು ನಿಂತವು.

ಮುಂದಿನ ಸಾಲಿನಿಂದ ಎದ್ದವನು ಒಬ್ಬ ಕೊಬ್ಬರಿ ವ್ಯಾಪಾರಿ. ಊರಲ್ಲಿ ಮಾತು ನಡೆಯುವ ಆಸಾಮಿ, ಬೆನ್ನಿಗೆ ಇಬ್ಬರು ತಮ್ಮಂದಿರು. ಸ್ವಲ್ಪ ದಿನಗಳ ಹಿಂದೆ ಅವನ ಮಗಳ ನಿಶ್ಚಿತಾರ್ಥ ಮುರಿದಿತ್ತು. ಮನೆಯೊಳಗಿನ ಏನೋ ಮಾತು ಗಂಡಿನ ಕಡೆಯವರ ಕಿವಿಗೆ ಬಿದ್ದಿತ್ತಂತೆ. ಹೊರಗೆ ಹಾಕಿದವರು ಯಾರೆಂದು ಅವನು ಹುಡುಕುತ್ತಲೇ ಇದ್ದ. ವೇದಿಕೆ ಹತ್ತಿ ಫ್ಲೆಕ್ಸಿನ ಮೇಲೆ ಬೆರಳಿಟ್ಟ. ಕೆರೆ ಏರಿ ಪಕ್ಕದ ಬೀದಿ, ತುದಿಮನೆ. ಅಲ್ಲಿಂದ ಬೆರಳು ಗೆರೆಯ ಮೇಲೆ ಜಾರುತ್ತ ಬಂದು ಕೆಂಪು ಚುಕ್ಕಿಗೆ ಮುಟ್ಟಿತು.

‘ಓಹೋ. ನಮ್ಮನೆ ಹೆಂಗ್ಸು ಬಾಯಿ ಬಿಟ್ಟಿದ್ದು ಇಲ್ಲೇನಾ!’

ಅದೊಂದು ಮಾತು ಸಾಕಾಯಿತು. ಗಂಡಸರೆಲ್ಲ ವೇದಿಕೆಗೆ ನುಗ್ಗಿದರು. ಎಲ್ಲರಿಗೂ ಅವರವರ ಮನೆಯ ಚುಕ್ಕಿ ಬೇಕಿತ್ತು. ‘ನಮ್ದೂ ಐತೆ ನೋಡ್ಲಾ ಗೆರೆ!’ ‘ಅಯ್ಯೋ ಮುಂಡೇದೇ, ನಿನ್ನ ಮನೆಯಿಂದ್ಲೂ ಹೋಗೈತೆ!’ ಉಪನ್ಯಾಸಕ ಮೈಕು ಹಿಡಿದು, ‘ದಯವಿಟ್ಟು, ದಯವಿಟ್ಟು’ ಎನ್ನುತ್ತಿದ್ದ. ವ್ಯಾಪಾರಿಯ ತಮ್ಮ ಗೂಟ ಕಿತ್ತು ಬೀಸಿದ. ಮೈಕಿನಲ್ಲಿ ಮೂಳೆ ಮುರಿದ ಸದ್ದು ಊರಿಗೆಲ್ಲ ಕೇಳಿಸಿತು. ಶಿಬಿರದ ಹುಡುಗಿಯರು ಕಿರುಚಿಕೊಂಡು ಭವನದೊಳಗೆ ಓಡಿದರು. ಅಡ್ಡ ಹೋದ ನನ್ನ ತಲೆಗೆ ಕುರ್ಚಿಯ ಕಾಲು ಬಿತ್ತು. ಕಣ್ಣೊರೆಸಿಕೊಂಡು ನೋಡುವಾಗ ಅಕ್ಕ ವೇದಿಕೆಯ ಮೇಲಿರಲಿಲ್ಲ. ಶಾಲು ನೆಲದಲ್ಲಿತ್ತು. ಉಪ್ಪಿಟ್ಟಿನ ಪಾತ್ರೆ ಮಗುಚಿ ಜನ ಅದನ್ನು ತುಳಿದುಕೊಂಡು ಓಡುತ್ತಿದ್ದರು.

ಅಕ್ಕ ಮಿಷನ್‌ಗೆ ಹೋಗಿದ್ದಳು. ರಾಗಿ ಹಾಕಿ ಓಡಿಸಿಟ್ಟು ಬಂದಿದ್ದಳಂತೆ, ಅದರ ಚಿಂತೆ ಅವಳಿಗೆ. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ವ್ಯಾಪಾರಿ ಹಾರೆಯಿಂದ, ಕಾಳು ಸುರಿಯುವ ತಗಡಿನ ಬಾಯನ್ನು ಜಜ್ಜಿಹಾಕಿದ್ದ. ಗೋಡೆಯ ಮೇಲೆಲ್ಲ ರಾಗಿ. ಮೋಟರು ಮಾತ್ರ ಇನ್ನೂ ಓಡುತ್ತಲೇ ಇತ್ತು, ಬೆಲ್ಟು ಪಟಪಟ ಬಡಿಯುತ್ತಿತ್ತು. ಅವನು ಹೆಂಡತಿಯನ್ನು ಜಡೆ ಹಿಡಿದು ದರದರ ಎಳೆದುಕೊಂಡು ಬಂದಿದ್ದ. ಆಕೆಯ ಮುಖವನ್ನು ಅಕ್ಕನ ಮುಖದ ಎದುರು ಹಿಡಿದು ಕೂಗಿದ:

‘ಹೇಳು! ಇವಳ ತಾವ ಏನ್ ಹೇಳ್ದೆ? ಹೇಳೇ!’

‘ನಾನೇನೂ ಹೇಳಿಲ್ಲ, ದೇವ್ರಾಣೆ’ ಎಂದಳು ಆಕೆ. ಅವನು ಕಾಲಿನಿಂದ ಒದ್ದ. ಆಕೆ ಬಿದ್ದಳು. ಮತ್ತೆ ಒದ್ದ. ಬಾಗಿಲಲ್ಲಿ ಊರ ಗಂಡಸರು ನಿಂತು ನೋಡುತ್ತಿದ್ದರು, ಒಬ್ಬನೂ ಒಳಗೆ ಬರಲಿಲ್ಲ. ಒಬ್ಬನಂತೂ, ‘ಹಾಕಣ್ಣ ಇನ್ನೊಂದು’ ಎಂದ. ಆ ಮುಖ ಈಗಲೂ ನೆನಪಿದೆ, ಕಂಡರೆ ಈಗಲೂ ಉಗಿಯುತ್ತೇನೆ. ಹಾರೆ ಎತ್ತಿದಾಗ ಅಕ್ಕ ಅಡ್ಡ ಬಂದು ಕೈಯೊಡ್ಡಿದಳು. ಮುಂಗೈ ಒಣ ಸೌದೆಯ ಹಾಗೆ ಮುರಿದು ನೇತಾಡಿತು. ಅವಳು ಕೂಗಲಿಲ್ಲ. ಇನ್ನೊಂದು ಕೈಯಿಂದ ಆ ಕೈಯನ್ನು ಎದೆಗವುಚಿಕೊಂಡು, ಬಿದ್ದವಳ ಮೇಲೆ ಬಾಗಿ ನಿಂತಳು. ‘ನೀನಾದ್ರೂ ಹೇಳೇ, ಇವಳು ಏನ್ ಹೇಳವ್ಳೆ ನಿನ್ ಕಿವೀಲಿ?’ ಎಂದು ಅವನು ಅರಚಿದ. ಅಕ್ಕ ಅವನ ಬಾಯನ್ನೇ ನೋಡಿದಳು. ತುಟಿ ಬಿಚ್ಚಲಿಲ್ಲ.

ಅವನು ಮತ್ತೆ ಹಾರೆ ಎತ್ತಿದ. ಈ ಸಲ ತಲೆಗೆ ಎಂದು ನನಗೆ ಗೊತ್ತಾಯಿತು.

ಅಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿತ್ತು. ಫ್ಲೆಕ್ಸಿನ ಮೇಲೆ ಮನೆಗೊಂದೇ ಚುಕ್ಕಿ. ಗೆರೆ ಮನೆಯಿಂದ ಹೊರಟಿದೆಯೇ ಹೊರತು ಮನೆಯೊಳಗೆ ಯಾರಿಂದ ಎಂದು ಅದರಲ್ಲಿ ಕಾಣುವುದಿಲ್ಲ. ನೋವು ಹೇಳಿಕೊಳ್ಳುವವರು ಹೆಂಗಸರೇ ಎಂದು ಎಲ್ಲರೂ ಅಂದುಕೊಂಡರು. ಸಮೀಕ್ಷೆಯಲ್ಲಿ ಆ ಪ್ರಶ್ನೆಗೆ ಬಹಳ ಗಂಡಸರು ಯಾರೂ ಇಲ್ಲ ಎಂದು ಮೀಸೆ ತಿರುವಿದ್ದು ನಿಜ. ಆದರೆ ಈ ತುದಿಮನೆಯ ಉತ್ತರ ತಿರುವುಮುರುವಾಗಿತ್ತು. ಹೆಂಡತಿ, ಯಾರೂ ಇಲ್ಲ ಎಂದಿದ್ದಳು. ಗಂಡ ಮಿಷನ್ ಅಕ್ಕನ ಹೆಸರು ಹೇಳಿದ್ದ. ಗಂಡಸು ತನ್ನ ಮನೆಯವರಲ್ಲದ ಹೆಂಗಸಿನ ಹೆಸರು ಹೇಳಿದರೆ ಕೇಳಿದವನು ತಪ್ಪು ಬರೆದುಕೊಂಡಿರಬಹುದು ಎಂದು ಮೇಲ್ವಿಚಾರಕರು ಹೋಗಿ ಮತ್ತೆ ಕೇಳಬೇಕು, ಅದು ನಮ್ಮ ಕ್ರಮ. ಕಡೂರಿನ ಅವನ ಮಂಡಿಗೆ ಹೋಗಿ ಕೇಳಿದವಳು ನಾನೇ. ಕೊಬ್ಬರಿ ಆರಿಸುತ್ತ ತಲೆಯೆತ್ತದೆ, ‘ಹೌದು. ಆಯಮ್ಮನ ತಾವಲೇ. ಬರ್ಕೊಳಿ’ ಎಂದಿದ್ದ. ಅದನ್ನು ಮರೆತಿದ್ದನೋ, ನೆನಪಿದ್ದೇ ಹೊಡೆಯುತ್ತಿದ್ದನೋ, ನನಗೆ ಇಂದಿಗೂ ತಿಳಿಯದು.

ಹೇಳಿದರೆ ನಾನೇ ಬರೆದ ನಿಯಮ ನಾನೇ ಮುರಿದಂತೆ. ಜನರೆದುರು ಕೂಗಿ ಹೇಳಿದರೆ ಅವನು ಮಾನ ಹೋದ ಸಿಟ್ಟಿಗೆ ಕೊಂದೇ ಹಾಕುತ್ತಿದ್ದ, ಯಾರನ್ನು ಎಂಬುದಷ್ಟೇ ಪ್ರಶ್ನೆ. ಹೇಳದಿದ್ದರೆ ಅಕ್ಕನ ತಲೆ ಉಳಿಯುತ್ತಿರಲಿಲ್ಲ. ಯೋಚಿಸಿ ತೀರ್ಮಾನಿಸಿದೆ ಎಂದು ಬರೆದರೆ ಸುಳ್ಳು. ಹಿಂದಿನಿಂದ ಹೋಗಿ ಅವನ ಅಂಗಿಯ ಕಾಲರ್ ಹಿಡಿದು ಜಗ್ಗಿ, ಊರಿನವರೆಲ್ಲ ಆ ಜಾಗದಲ್ಲಿ ಮಾಡುತ್ತಿದ್ದ ಹಾಗೆ, ಕಿವಿಗೆ ಬಾಯಿಟ್ಟೆ.

‘ಆ ಗೆರೆ ನಿಂದು ಕಣೋ. ಅವಳದಲ್ಲ. ಮಂಡೀಲಿ ಕೂತು ನೀನೇ ನಂಗೆ ಹೇಳಿದ್ದು.’

ಮೋಟರಿನ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ. ಅವನು ತಿರುಗಿ ನೋಡಿದ. ಆ ಕಣ್ಣಿನಲ್ಲಿ ಮೊದಲು ಭಯ ಬಂತು, ಆಮೇಲೆ ಹಾರೆ ಬಂತು. ನನ್ನ ಹೆಗಲ ಮೂಳೆ ಮುರಿದು ನಾನು ರಾಗಿ ರಾಶಿಯ ಮೇಲೆ ಬಿದ್ದೆ. ನನ್ನನ್ನು ಹೊಡೆದದ್ದೇ ಕೊನೆ. ಹಾರೆ ಎಸೆದು ಹೊರಗೆ ಹೋಗಿ ಕಲ್ಲುಚಪ್ಪಡಿಯ ಮೇಲೆ ಕೂತವನು, ಪೊಲೀಸರು ಬಂದು ಎಬ್ಬಿಸುವವರೆಗೆ ಅಲ್ಲಿಂದ ಏಳಲಿಲ್ಲ.

ಯಾರೋ ಮಿಷನ್ನಿನ ಕರೆಂಟು ತೆಗೆದರು. ಸದ್ದು ನಿಂತಿತು. ಆಗ ಕೇಳಿಸಿತು, ಬೀದಿಯ ಆ ಕಡೆ ಈ ಕಡೆ ಮನೆಗಳಿಂದ. ಚಪ್ಪಲಿಯ ಏಟು, ತಪ್ಪಲೆ ಉರುಳಿದ ಸದ್ದು, ‘ಏನ್ ಹೇಳಿದ್ದೆ, ಬೊಗಳು’ ಎಂಬ ಅದೇ ಪ್ರಶ್ನೆ ಬೇರೆ ಬೇರೆ ಗಂಟಲಿನಲ್ಲಿ. ಬಾಗಿಲಲ್ಲಿ ನಿಂತು ನೋಡಿದವರೆಲ್ಲ ಮನೆಗೆ ಹೋಗಿದ್ದರು. ನಾವು ತಿಂಗಳುಗಟ್ಟಲೆ ಸುತ್ತಿ ಸಂಗ್ರಹಿಸಿದ್ದೆಲ್ಲ ಆ ಮಧ್ಯಾಹ್ನ ಹೆಂಗಸರ ಬೆನ್ನಿನ ಮೇಲೆ ಬೀಳುತ್ತಿತ್ತು. ನಾನು ರಾಗಿಯ ಮೇಲೆ ಬಿದ್ದುಕೊಂಡು ಅತ್ತೆ, ಮೂಳೆ ನೋವಿಗಲ್ಲ.

ಶಿಬಿರದ ಹುಡುಗಿಯರು ಫೋನು ಮಾಡಿದ್ದರಿಂದ ಕಡೂರಿನಿಂದ ಜೀಪು ಬಂತು. ಸಬ್ ಇನ್‌ಸ್ಪೆಕ್ಟರು ಫ್ಲೆಕ್ಸ್ ಎಲ್ಲಿ ಎಂದರು. ಅದು ಇರಲಿಲ್ಲ. ಗಂಡಸರು ಹೊಡೆದಾಟದಲ್ಲಿದ್ದಾಗ ಹೆಂಗಸರೇ ಬಿಚ್ಚಿ ಸುತ್ತಿಕೊಂಡು ಹೋಗಿ ಯಾರದೋ ಬಚ್ಚಲ ಒಲೆಗೆ ಹಾಕಿದ್ದರು. ಊರ ತುಂಬ ಪ್ಲಾಸ್ಟಿಕ್ ಸುಟ್ಟ ವಾಸನೆ. ಆಸ್ಪತ್ರೆಯಲ್ಲಿ ಹೇಳಿಕೆ ಬರೆಸಿಕೊಳ್ಳುವಾಗ ಅವರು ಕೇಳಿದರು:

‘ನೀವು ಕಿವೀಲಿ ಏನೋ ಹೇಳಿದ್ರಂತಲ್ಲ, ಏನಮ್ಮಾ ಅದು?’

‘ದೇವರ ಹೆಸರು ಹೇಳ್ದೆ ಸಾರ್, ತಣ್ಣಗಾಗ್ಲಿ ಅಂತ.’

‘ಚೆನ್ನಾಗಿ ತಣ್ಣಗಾದ ಬಿಡಿ’ ಎಂದು ನನ್ನ ಹೆಗಲಿಗೆ ಕಟ್ಟಿದ ಪಟ್ಟಿಯನ್ನು ನೋಡಿ ಅವರು ಪೆನ್ನು ಮುಚ್ಚಿದರು.

ಯೋಜನೆಯ ಮುಖ್ಯಸ್ಥರು ಫೋನು ಮಾಡಿದರು. ಆರೋಗ್ಯ ವಿಚಾರಿಸಿದ ಕೂಡಲೇ ಕೇಳಿದ ಮೊದಲ ಮಾತು, ‘ಅವನ ಪ್ರಬಂಧದಲ್ಲಿ ಉಲ್ಲೇಖ ಸರಿಯಾಗಿ ಕೊಟ್ಟಿದ್ದಾನಾ?’ ನನಗೆ ಮೈಯೆಲ್ಲ ಉರಿಯಿತು. ‘ಕೊಟ್ಟಿದ್ದಾನೆ ಸಾರ್. ಆವೃತ್ತಿ ನಂಬರ್ ಸಮೇತ. ಮೂಳೆ ಎಷ್ಟು ಮುರೀತು ಅನ್ನೋದಕ್ಕೆ ನಿಮ್ಮ ಪುಟದಲ್ಲಿ ಜಾಗ ಇದ್ರೆ ಹೇಳಿ, ಅದನ್ನೂ ತುಂಬ್ತೀನಿ’ ಎಂದೆ. ಕೆಟ್ಟವರಲ್ಲ ಅವರು. ಆ ವಾರವೇ ಆ ಊರಿನ ಕೋಷ್ಟಕವನ್ನು ಕಡತದಿಂದ ತೆಗೆಸಿದರು. ಹೊಸ ಆವೃತ್ತಿ ಬಂತು. ಮನೆ ಮನೆ ಸುತ್ತಿದ ಹುಡುಗ ಹುಡುಗಿಯರ ಹೆಸರುಗಳನ್ನೆಲ್ಲ, ಅವರವರ ಒಪ್ಪಿಗೆ ಕೇಳಿ, ಕೃತಜ್ಞತೆಯ ಪುಟದಲ್ಲಿ ಹಾಕಬೇಕೆಂದು ನಾನು ಹಟ ಹಿಡಿದೆ, ಒಪ್ಪಿದರು. ಉಪನ್ಯಾಸಕನ ಹೆಸರೂ ಇದೆ. ದವಡೆಗೆ ತಂತಿ ಕಟ್ಟಿಸಿಕೊಂಡು ಮಲಗಿದ್ದವನಿಗೆ ಮೊಬೈಲಿನಲ್ಲಿ ತೋರಿಸಿದೆ. ನೋಡಿ ಮುಖ ಆ ಕಡೆ ತಿರುಗಿಸಿಕೊಂಡ.

ಅಕ್ಕ ಅದೇ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿದ್ದಳು. ಪ್ಲಾಸ್ಟರ್ ಹಾಕಿದ ಕೈ ಹೊಟ್ಟೆಯ ಮೇಲೆ. ನಾನು ಎಡಗಡೆ ಕೂತೆ, ‘ಈ ಕಡೆ ಬಾ’ ಎಂದು ಎದುರಿಗೆ ಕರೆದಳು. ಕಡತ ಅಂದರೇನು, ಸಂಖ್ಯೆ ಅಂದರೇನು, ಅವಳ ಹೆಸರು ಅದರಲ್ಲಿ ಯಾಕಿಲ್ಲ ಎಂದು ನಿಧಾನವಾಗಿ ಹೇಳಿದೆ. ನಕ್ಕಳು.

‘ಏಟು ನಂಗೆ, ಹೆಸ್ರು ನಂಬರಿಗಾ? ಚೆನ್ನಾಗೈತೆ ನಿಮ್ ನ್ಯಾಯ.’

ತಮಾಷೆಗೆ ಅಂದದ್ದೇ ಇರಬಹುದು. ನನಗೆ ಮಾತ್ರ ಅದು ಊಟ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಎಲ್ಲೆಂದರಲ್ಲಿ ಚುಚ್ಚತೊಡಗಿತು. ಊರು ಹೇಗೂ ಕಡತದಲ್ಲಿಲ್ಲ, ಇನ್ನು ಹೆಸರು ಹಾಕಿದರೆ ಯಾರಿಗೆ ತೊಂದರೆ ಎಂದು ಮುಖ್ಯಸ್ಥರ ಜೊತೆ ಜಗಳವಾಡಿದೆ. ಅವಳ ಒಪ್ಪಿಗೆಯ ಸಹಿ ತಂದರೆ ಹಾಕೋಣ ಎಂದರು. ನನ್ನ ಮೂಳೆ ಕೂಡಿಕೊಂಡ ಮೇಲೆ ಒಪ್ಪಿಗೆಯ ಕಾಗದ ಹಿಡಿದು ಹೋದೆ.

ಮಿಷನ್ ಮತ್ತೆ ಓಡುತ್ತಿತ್ತು. ಹೊಸ ತಗಡು ಹೊಳೆಯುತ್ತಿತ್ತು. ಅಕ್ಕನ ಕೈ ಸ್ವಲ್ಪ ಸೊಟ್ಟಗೆ ಕೂಡಿತ್ತು, ಆ ಕೈಯಲ್ಲೇ ಚೀಲಕ್ಕೆ ಹಿಟ್ಟು ತುಂಬುತ್ತಿದ್ದಳು. ಸರದಿಯಲ್ಲಿ ನಾಲ್ಕೈದು ಹೆಂಗಸರು. ಅವರಲ್ಲಿ ವ್ಯಾಪಾರಿಯ ಹೆಂಡತಿಯನ್ನು ಕಂಡು ನಾನು ಬಾಗಿಲಲ್ಲೇ ನಿಂತೆ. ಕೇಸು ನಡೆಯುತ್ತಿತ್ತು, ಗಂಡ ಜಾಮೀನಿನ ಮೇಲೆ ಹೊರಗಿದ್ದ. ಹಿಂದೆ ಯಾರೂ ಇಲ್ಲ ಎಂದಿದ್ದ ಆ ಹೆಂಗಸು ಈಗ ಅಕ್ಕನ ಕಿವಿಗೆ ಬಾಯಿಟ್ಟು ಹೇಳುತ್ತಲೇ ಇದ್ದಳು. ರಾಗಿ ಮುಗಿದರೂ ಅವಳ ಮಾತು ಮುಗಿದಿರಲಿಲ್ಲ. ಅಕ್ಕ ಖಾಲಿ ಮಿಷನ್ನನ್ನು ಹಾಗೇ ಓಡಲು ಬಿಟ್ಟು ತಲೆಯಾಡಿಸುತ್ತ ನಿಂತಿದ್ದಳು. ಕೊನೆಗೆ ಆಕೆ ಕಣ್ಣೊರೆಸಿಕೊಂಡು ಚೀಲ ತಲೆಯ ಮೇಲಿಟ್ಟುಕೊಂಡು, ನನ್ನನ್ನು ನೋಡಿ ಸಣ್ಣಗೆ ನಕ್ಕು ಹೋದಳು.

ಎಲ್ಲರೂ ಹೋದ ಮೇಲೆ ಅಕ್ಕ ಮೋಟರು ನಿಲ್ಲಿಸಿದಳು. ನಾನು ಕಾಗದ ತೆಗೆದೆ. ಹೆಸರು ಹಾಕುತ್ತಾರೆ, ಸಹಿ ಮಾಡಿದರೆ ಸಾಕು ಎಂದೆ. ಅವಳು ಕಾಗದ ಮುಟ್ಟಲಿಲ್ಲ.

‘ಬ್ಯಾಡ ಬಿಡು. ಹೆಸ್ರು ಬಂದ್ರೆ ನೋಡಾಕೆ ಜನ ಬತ್ತಾರೆ. ಬಂದೋರು ಮಾತಾಡುಸ್ತಾರೆ. ಮಾತಾಡ್ಸಿದ್ರೆ ಗೊತ್ತಾಗೋಯ್ತದೆ.’

‘ಏನು ಗೊತ್ತಾಗುತ್ತೆ?’

ಅವಳು ಕಿವಿ ಮುಟ್ಟಿಕೊಂಡಳು. ‘ಮದ್ವೆ ಆಗಿ ಬಂದಾಗಿಂದ ಈ ಸದ್ದಲ್ಲೇ ಇವ್ನಿ ಕಣಮ್ಮ. ಕಿವಿ ಹೋಗಿ ಯಾವ ಕಾಲ ಆಯ್ತೋ. ನಿನ್ ಬಾಯಿ ಆಡೋದು ನೋಡಿ ಅಂದಾಜ್ನಾಗೆ ಮಾತಾಡ್ತೀನಿ. ಕಿವಿಗೆ ಬಾಯಿಟ್ಟೋರ ಬಾಯಿ ಎಲ್ ಕಾಣ್ತದೆ? ಅವ್ರು ಹೇಳಿದ್ದು ಒಂದಕ್ಷರ ಕೇಳ್ಸಿಲ್ಲ ನಂಗೆ. ಆ ಕೊಬ್ಬರಿಯವ್ನು ಹೇಳಿದ್ದೂ ಇಲ್ಲ, ಯಾರ್ ಹೇಳಿದ್ದೂ ಇಲ್ಲ.’

ನನಗೆ ಸಿಟ್ಟು ಬಂತು. ‘ಆವತ್ತೇ ಹೇಳ್ಬೇಕಿತ್ತಲ್ಲಕ್ಕಾ! ಕಿವಿ ಕೇಳ್ಸಲ್ಲ ಅಂತ ಒಂದು ಮಾತು ಅಂದಿದ್ರೆ ನಿನ್ ಕೈ ಉಳೀತಿತ್ತು. ನನ್ ಮೂಳೇನೂ ಉಳೀತಿತ್ತು.’

‘ಅಂದ್ಬಿಟ್ಟಿದ್ರೆ ಕೈ ಉಳೀತಿತ್ತು, ಸರಿ. ನಾಳೆಯಿಂದ ಇವ್ರೆಲ್ಲ ಯಾರ ತಾವ ಹೋಗಿ ಹೇಳ್ಕೋತಿದ್ರು?’

ಮಿಷನ್ ಮಾರಿ ಮಗಳ ಊರಿಗೆ ಹೋದ ಮೇಲೆ ಬೇಕಾದರೆ ಬರಿ, ಅಲ್ಲೀವರೆಗೂ ಬಾಯಿ ಬಿಡಬೇಡ ಎಂದು ಮಾತು ತೆಗೆದುಕೊಂಡಳು. ಮೊನ್ನೆ ಮಾರಿದ ಸುದ್ದಿ ಬಂತು, ಅದಕ್ಕೇ ಬರೆದೆ. ಊರು ಯಾವುದೆಂದು ಹುಡುಕಲು ಹೋಗಬೇಡಿ. ಕೃತಜ್ಞತೆಯ ಪುಟದಲ್ಲಿ ಹುಡುಗ ಹುಡುಗಿಯರ ಹೆಸರುಗಳ ಕೆಳಗೆ ಒಂದು ಸಾಲು ಖಾಲಿ ಬಿಡಿಸಿದ್ದೇನೆ. ಪುಟ ಜೋಡಿಸಿದವರ ತಪ್ಪೆಂದು ಮುಖ್ಯಸ್ಥರು ಎರಡು ಸಲ ತೆಗೆಸಿದರು, ನಾನು ಎರಡು ಸಲವೂ ಹಾಕಿಸಿದೆ.